ಮುಂಬೈನಲ್ಲಿ ಎರಡು ದಿನ, ಐದು ಜನ ಗೆಳೆಯರು: ಎಲ್ಲಿ ಉಣ್ಣೋದು, ಬಿಲ್ ಹೇಗೆ ಹಂಚಿಕೊಳ್ಳೋದು?

ಧಾರವಾಡದ ಮಳೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ಐದು ಜನ ಧಾರವಾಡದಲ್ಲಿ ಒಂದೇ ಹಾಸ್ಟೆಲ್‌ನಲ್ಲಿ ಇದ್ದವರು. ಈಗ ಇಬ್ಬರು ಹುಬ್ಬಳ್ಳಿ, ಒಬ್ಬ ಬೆಳಗಾವಿ, ಒಬ್ಬ ಗದಗ, ಒಬ್ಬ ಠಾಣೆ. ವರ್ಷಕ್ಕೊಂದು ಸಲ ಶುಕ್ರವಾರ ಹುಬ್ಬಳ್ಳಿಯಲ್ಲಿ ರೈಲು ಹತ್ತುತ್ತೇವೆ, ಬೆಳಗಾವಿಯವನು ದಾರಿಯಲ್ಲಿ ಸೇರಿಕೊಳ್ಳುತ್ತಾನೆ, ಶನಿವಾರ ಬೆಳಗಿನ ಜಾವ ದಾದರ್‌ನಲ್ಲಿ ಇಳಿಯುತ್ತೇವೆ. ಎರಡು ದಿನ ಠಾಣೆಯವನ ಮನೆ. ಭಾನುವಾರ ರಾತ್ರಿ ವಾಪಸ್. ಊರು ನೋಡೋದಕ್ಕಿಂತ ತಿನ್ನೋದು, ಹರಟೆ ಹೊಡೆಯೋದೇ ಜಾಸ್ತಿ.

ಹೋದ ವರ್ಷ ಒಂದು ತಪ್ಪು ಮಾಡಿದೆವು. ಶನಿವಾರ ರಾತ್ರಿ ಸಮುದ್ರ ಕಾಣುವ ಒಂದು ದೊಡ್ಡ ರೆಸ್ಟೋರೆಂಟ್‌ಗೆ ಹೋದೆವು. ಯಾರೋ ವಿಡಿಯೋ ಹಾಕಿದ್ದರು ಅಂತ ನಾನೇ ಹಟ ಹಿಡಿದು ಎಲ್ಲರನ್ನೂ ಕರೆದುಕೊಂಡು ಹೋಗಿದ್ದು. ಊಟ 7,800. ಅದರ ಮೇಲೆ ಶೇಕಡಾ 10 ಸರ್ವಿಸ್ ಚಾರ್ಜ್ 780. ಎರಡೂ ಸೇರಿದ ಮೊತ್ತದ ಮೇಲೆ ಶೇಕಡಾ 5 ಜಿಎಸ್‌ಟಿ 429. ಒಟ್ಟು 9,009. ಐದು ಜನರಿಗೆ ಸಮ ಪಾಲು ಹಾಕಿ ತಲೆಗೆ 1,802 ಅಂತ ಫೋನ್‌ನಲ್ಲೇ ಕಳಿಸಿಕೊಂಡೆವು. ಗದಗಿನವನು ಸಸ್ಯಾಹಾರಿ. ಅವನು ತಿಂದಿದ್ದು ಎರಡು ರೊಟ್ಟಿ, ಒಂದು ಪನೀರ್ ಪಲ್ಯ, ಅಷ್ಟೇ. ಏಡಿ, ಮೀನು ಎಲ್ಲ ನಮ್ಮದು. ಅವನು ಒಂದು ಮಾತೂ ಆಡದೆ ದುಡ್ಡು ಕಳಿಸಿದ.

ವಾಪಸ್ ಬರುವಾಗ ಪುಣೆಯಲ್ಲಿ ಚಹಾ ತಂದೆವು, ಬೇಡ ಎಂದ. ಬೆಳಿಗ್ಗೆ ಮಿರಜ್‌ನಲ್ಲಿ ಎಲ್ಲರೂ ಇಡ್ಲಿ ತೆಗೆದುಕೊಂಡೆವು, ಹಸಿವಿಲ್ಲ ಎಂದ. ರೈಲು ಮಿರಜ್ ಬಿಟ್ಟ ಮೇಲೆ ನಾನು ಕೈ ತೊಳೆಯಲು ಹೋದಾಗ ನೋಡುತ್ತೇನೆ, ಬಾಗಿಲ ಹತ್ತಿರ ನಿಂತು ಪೇಪರ್ ಬಿಚ್ಚಿ ಕಟಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಾನೆ. ಶುಕ್ರವಾರ ಅವರವ್ವ ಕಟ್ಟಿ ಕೊಟ್ಟಿದ್ದ ರೊಟ್ಟಿ ಅದು. ನನ್ನನ್ನು ನೋಡಿ ಅರ್ಧ ನನ್ನ ಕೈಗೆ ಕೊಟ್ಟ. ಅವನ ಕೆಲಸ ಹೋಗಿ ಆಗಲೇ ಮೂರು ತಿಂಗಳಾಗಿತ್ತು ಅಂತ ನಮಗೆ ಗೊತ್ತಾಗಿದ್ದು ದೀಪಾವಳಿಗೆ. ಇವತ್ತಿಗೂ ಆ ರೊಟ್ಟಿ ಮುರಿದ ಸದ್ದು ನನಗೆ ಮರೆತಿಲ್ಲ.

ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದೇವೆ. ಅವನೂ ಬರುತ್ತಾನೆ, ಅವನು ಬರಲೇಬೇಕು. ನನ್ನ ಪ್ರಶ್ನೆ ಎರಡು. ಯಾರಿಗೂ ನೋವಾಗದ ಹಾಗೆ ಖರ್ಚು ಹೇಗೆ ನೋಡಿಕೊಳ್ಳೋದು? ಮತ್ತೆ ಇಬ್ಬರು ಸಸ್ಯಾಹಾರಿ, ಮೂರು ಜನ ಮೀನು ಪ್ರಿಯರು, ಎಲ್ಲರೂ ಒಟ್ಟಿಗೆ ಕೂತು ಹೊಟ್ಟೆ ತುಂಬ ಉಣ್ಣುವ ಜಾಗ ಯಾವುದು?

ಲೆಕ್ಕದ ಮೇಷ್ಟ್ರು:

ಮೊದಲು ಆ 780 ರೂಪಾಯಿ ವಿಷಯ. ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆ ಅಲ್ಲ. ಬಹಳ ಜನ ಜಿಎಸ್‌ಟಿ ಪಕ್ಕದಲ್ಲೇ ಅದನ್ನು ನೋಡಿ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಹೋಟೆಲ್‌ನವರು ತಾವಾಗೇ ಅದನ್ನು ಬಿಲ್‌ಗೆ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ತಂದಿದೆ. ಹೋಟೆಲ್ ಸಂಘದವರು ಕೋರ್ಟಿಗೆ ಹೋದರು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಕೊಡೋದು ಬಿಡೋದು ನಮ್ಮ ಇಷ್ಟ.

ನಿಮ್ಮ ಬಿಲ್‌ನಲ್ಲಿ ಅದನ್ನು ತೆಗೆಸಿದ್ದರೆ 7,800ಕ್ಕೆ ಜಿಎಸ್‌ಟಿ 390, ಒಟ್ಟು 8,190 ಆಗುತ್ತಿತ್ತು. ಅಂದರೆ 819 ರೂಪಾಯಿ ಉಳಿಯುತ್ತಿತ್ತು. ಸರ್ವಿಸ್ ಚಾರ್ಜ್ ಮೇಲೂ ಜಿಎಸ್‌ಟಿ ಕಟ್ಟಿದ್ದೀರಿ ನೋಡಿ. ಜಗಳ ಬೇಡ. ಗಲ್ಲಾದ ಹತ್ತಿರ ಹೋಗಿ ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ ಅಂತ ಕೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದ ಹುಡುಗನಿಗೆ ಕೊಡಬೇಕು ಅನಿಸಿದರೆ ಅವನ ಕೈಗೇ ಕೊಡಿ.

ಡೊಂಬಿವಲಿ ಅಕ್ಕ:

ತಮ್ಮಾ, ನೀನು ಇದನ್ನು ಬರೆದಿದ್ದೇ ದೊಡ್ಡದು. ಎಷ್ಟೋ ಗೆಳೆತನಗಳು ಹೀಗೇ ಸದ್ದಿಲ್ಲದೆ ದೂರ ಆಗುತ್ತವೆ. ದುಡ್ಡಿಲ್ಲದವರು ಬಾಯಿ ಬಿಟ್ಟು ಹೇಳಲ್ಲ, ಮುಂದಿನ ಸಲ ಮನೆಯಲ್ಲಿ ಮದುವೆ ಇದೆ, ಜ್ವರ ಇದೆ ಅಂತ ಬರೋದನ್ನೇ ನಿಲ್ಲಿಸುತ್ತಾರೆ.

ನಾವು ಆರು ಜನ ಹೆಂಗಸರು, ಎಲ್ಲರೂ ಒಂದೇ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಪರಿಚಯ ಆದವರು. ಹನ್ನೆರಡು ವರ್ಷದಿಂದ ಒಟ್ಟಿಗೆ ತಿರುಗುತ್ತೇವೆ. ನಮ್ಮ ಪದ್ಧತಿ ಹೇಳುತ್ತೇನೆ. ಹೊರಡೋ ಮುಂಚೆ ಪ್ರತಿಯೊಬ್ಬರೂ ಎರಡು ದಿನದ ಊಟ ತಿಂಡಿಗೆ ತನ್ನ ಕೈಯಲ್ಲಿ ಎಷ್ಟು ಆಗುತ್ತೆ ಅಂತ ಒಬ್ಬರಿಗೆ ಮಾತ್ರ ಮೆಸೇಜ್ ಮಾಡಬೇಕು. ಆ ಒಬ್ಬರು ಗುಂಪಿನ ಹೊರಗಿನವರಾದರೆ ಒಳ್ಳೇದು, ನಮ್ಮಲ್ಲಿ ನನ್ನ ತಂಗಿ. ಬಂದ ಮೊತ್ತಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೊಂದನ್ನೇ ಅವಳು ಗುಂಪಿಗೆ ಹೇಳುತ್ತಾಳೆ. ಯಾರದು ಅಂತ ಹೇಳಲ್ಲ. ಎಲ್ಲರೂ ಅಷ್ಟೇ ಹಾಕುತ್ತೇವೆ. ಒಂದೇ ಪರ್ಸ್, ಒಬ್ಬಳೇ ಖಜಾಂಚಿ. ಪರ್ಸ್‌ನಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕ ಹೋಟೆಲ್. ಮೊದಲು ಹೋಟೆಲ್ ಆರಿಸಿ ಆಮೇಲೆ ದುಡ್ಡು ಹೊಂದಿಸಲು ಹೋದರೆ ನೀವು ಮಾಡಿದ ಹಾಗೇ ಆಗುತ್ತದೆ.

ಒಂದು ವರ್ಷ ತಲೆಗೆ 600 ಬಂತು. ಆ ವರ್ಷ ವಡಾ ಪಾವ್, ಮಿಸಳ್, ಕಟಿಂಗ್ ಚಹಾ, ಒಂದು ರೈಸ್ ಪ್ಲೇಟ್. ಗಿರಗಾಂವ್ ಚೌಪಾಟಿಯಲ್ಲಿ ಕೂತು ಕಡಲೆ ತಿಂದೆವು. ನಮ್ಮಲ್ಲಿ ಇವತ್ತಿಗೂ ಹೆಚ್ಚು ಮಾತು ಬರೋದು ಆ ವರ್ಷದ್ದೇ.

ಕೊಲಾಬಾ ಕಟಿಂಗ್:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಆಫೀಸ್ ಹುಡುಗರದು ಟಿಟಿಎಂಎಂ. ಯಾರು ಏನು ತಿಂದರೋ ಅದರ ದುಡ್ಡು ಅವರೇ ಕೊಡೋದು. ಗದಗಿನವರಿಗೆ ಅವತ್ತು ಅನ್ಯಾಯ ಆಗಿದ್ದು ಸಮ ಪಾಲು ಹಾಕಿದ್ದರಿಂದ. ರೊಟ್ಟಿ ತಿಂದವರು ರೊಟ್ಟಿಗೆ, ಏಡಿ ತಿಂದವರು ಏಡಿಗೆ ಕೊಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಅಕ್ಕ ಹೇಳಿದ ಪರ್ಸ್‌ನಲ್ಲೂ ಕಡಿಮೆ ತಿನ್ನುವವರಿಗೆ ನಷ್ಟವೇ ಅಲ್ವಾ? ಒಬ್ಬರಿಗೆ ಆಗಲ್ಲ ಅಂತ ವರ್ಷಕ್ಕೊಮ್ಮೆ ಬರುವವರು ಒಳ್ಳೆ ಏಡಿ ತಿನ್ನಬಾರದು ಅನ್ನೋದೂ ನನಗೆ ಸರಿ ಕಾಣುತ್ತಿಲ್ಲ.

ಡೊಂಬಿವಲಿ ಅಕ್ಕ:

ಕೊಲಾಬಾ ತಮ್ಮಾ, ನೀನು ಕೇಳಿದ್ದು ನ್ಯಾಯವಾಗಿದೆ. ಪರ್ಸ್ ಸಣ್ಣದಿದ್ದಾಗ ಹೆಚ್ಚು ಕಡಿಮೆ ಐವತ್ತು ನೂರರಲ್ಲಿ ಇರುತ್ತದೆ, ಸಾವಿರಕ್ಕೆ ಹೋಗಲ್ಲ. ಆಫೀಸ್ ಗುಂಪಿಗೆ ಟಿಟಿಎಂಎಂ ಸರಿ, ದಿನಾ ಒಟ್ಟಿಗೆ ತಿನ್ನುವವರು. ಆದರೆ ಒಂದೇ ಟೇಬಲ್‌ನಲ್ಲಿ ನಾಲ್ಕು ಜನ ಏಡಿ ಒಡೆಯುತ್ತಾ ಇರುವಾಗ ಐದನೆಯವರು ಒಂದು ಸೂಪ್ ಇಟ್ಟುಕೊಂಡು ಒಂದು ಗಂಟೆ ಕೂರಬೇಕು. ಬಿಲ್ ಸರಿಯಾಗಿರುತ್ತೆ, ಊಟ ಸರಿಯಾಗಿರಲ್ಲ.

ಹೆಸರು ಬೇಡ:

ಇಲ್ಲಿ ಬರೆಯಬೇಕೋ ಬೇಡವೋ ಅಂತ ಬಹಳ ಹೊತ್ತು ಯೋಚನೆ ಮಾಡಿದೆ. ನಾನು ಎರಡು ವರ್ಷ ಆ ಗದಗಿನ ಗೆಳೆಯನ ಜಾಗದಲ್ಲಿ ಇದ್ದವನು.

ಹೊಟ್ಟೆ ಸರಿ ಇಲ್ಲ, ಮಸಾಲೆ ಆಗಲ್ಲ, ಮನೆಯಲ್ಲೇ ಊಟ ಮುಗಿಸಿ ಬಂದೆ, ಈ ಮೂರು ಮಾತು ನನಗೆ ಬಾಯಿಪಾಠ ಆಗಿದ್ದವು. ಒಂದು ಸಲ ಹಾಗೆ ಹೇಳಿದ ಮೇಲೆ ಇನ್ನೊಬ್ಬರ ತಟ್ಟೆಯಿಂದ ಒಂದು ತುತ್ತೂ ತೆಗೆದುಕೊಳ್ಳುವ ಹಾಗಿಲ್ಲ, ಸುಳ್ಳು ಗೊತ್ತಾಗಿಬಿಡುತ್ತೆ. ಆ ವಾಸನೆ ಮುಂದೆ ಖಾಲಿ ಹೊಟ್ಟೆಯಲ್ಲಿ ನಗುತ್ತಾ ಕೂತಿರಬೇಕು.

ಎರಡು ವಿಷಯ ಹೇಳುತ್ತೇನೆ. ಎಲ್ಲರ ಮುಂದೆ ನಿಂದು ನಾನು ಕೊಡ್ತೀನಿ ಬಿಡು ಅಂತ ಹೇಳಬೇಡಿ. ನೀವು ಪ್ರೀತಿಯಿಂದ ಹೇಳಿರುತ್ತೀರಿ, ಕೇಳುವವನಿಗೆ ಆ ಊಟ ಗಂಟಲಲ್ಲಿ ಇಳಿಯಲ್ಲ. ಎರಡನೆಯದು, ಖರ್ಚಿನ ಲೆಕ್ಕ ಅವನ ಕೈಗೇ ಕೊಡಿ. ನನ್ನ ಒಬ್ಬ ಗೆಳೆಯ ಮೈಸೂರು ಬಸ್ಸು ಹತ್ತುವ ಮುಂಚೆ ಎಲ್ಲರ ದುಡ್ಡು ತಂದು ನನ್ನ ಕೈಗಿಟ್ಟು, ನಂಗೆ ಲೆಕ್ಕ ಇಡೋಕೆ ಆಗಲ್ಲ ಮಾರಾಯ, ಎಲ್ಲಿ ತಿನ್ನಬೇಕು ನೀನೇ ಹೇಳು ಎಂದ. ಅವತ್ತು ಎಷ್ಟೋ ದಿನದ ಮೇಲೆ ನಾನು ಹೊಟ್ಟೆ ತುಂಬ ಉಂಡೆ. ಅವನು ಬೇಕಂತಲೇ ಹಾಗೆ ಮಾಡಿದ್ದು ಅಂತ ನನಗೆ ಗೊತ್ತು. ಇವತ್ತಿನ ತನಕ ನಾವಿಬ್ಬರೂ ಆ ಮಾತು ಎತ್ತಿಲ್ಲ.

ಧಾರವಾಡದ ಮಳೆ:

ಅಣ್ಣಾ, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಖಜಾಂಚಿ ಗದಗಿನವನೇ.

ಕಿಂಗ್ಸ್ ಸರ್ಕಲ್:

ಊಟದ ಜಾಗದ ಬಗ್ಗೆ ಯಾರೂ ಇನ್ನೂ ಹೇಳಿಲ್ಲವಲ್ಲ, ಹಾಗಾಗಿ ನಾನು ಹೇಳುತ್ತೇನೆ. ನಾನು ಕುಂದಾಪುರದ ಕಡೆಯವನು. 1968ರಲ್ಲಿ ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದೆ. ಹೋಟೆಲ್‌ನಲ್ಲಿ ಮೊದಲು ಕ್ಲೀನರ್, ಆಮೇಲೆ ಮಾಣಿ, ಕೊನೆಗೆ ಗಲ್ಲಾದಲ್ಲಿ ಕೂತೆ. ರಾತ್ರಿ ಫೋರ್ಟ್‌ನ ಕನ್ನಡ ರಾತ್ರಿ ಶಾಲೆ. ನನ್ನ ಹಾಗೆ ಹಗಲು ಟೇಬಲ್ ಒರೆಸಿ ರಾತ್ರಿ ಮೆಟ್ರಿಕ್ ಓದಿದ ಊರ ಹುಡುಗರು ಈ ಪಟ್ಟಣದಲ್ಲಿ ಸಾವಿರಾರು ಜನ.

ನೀವು ದಾದರ್‌ನಲ್ಲಿ ಇಳಿಯುತ್ತೀರಿ ಅಲ್ವಾ? ಠಾಣೆಗೆ ಓಡಬೇಡಿ. ಸೆಂಟ್ರಲ್ ಲೈನ್‌ನಲ್ಲಿ ಠಾಣೆ ಕಡೆಗೆ ಹೋಗುವ ಸ್ಲೋ ಲೋಕಲ್ ಹತ್ತಿದರೆ ಮುಂದಿನ ಸ್ಟೇಷನ್ನೇ ಮಾಟುಂಗಾ. ವೆಸ್ಟರ್ನ್ ಲೈನ್‌ನಲ್ಲಿ ಮಾಟುಂಗಾ ರೋಡ್ ಅಂತ ಬೇರೆ ಇದೆ, ಅದರಲ್ಲಿ ಹತ್ತಿ ಸಿಕ್ಕಿಹಾಕಿಕೊಳ್ಳಬೇಡಿ. ಮಾಟುಂಗಾ ಸ್ಟೇಷನ್ 2017ರಿಂದ ಪೂರ್ತಿ ಹೆಂಗಸರೇ ನಡೆಸುವ ಸ್ಟೇಷನ್. ಪೂರ್ವದ ಕಡೆ ಹೊರಗೆ ಬಂದರೆ ಹೂವಿನ ಅಂಗಡಿ, ಬಾಳೆ ಎಲೆ, ಕಾಫಿ ಪುಡಿ ಹುರಿಯುವ ವಾಸನೆ. ಊರಿಗೆ ಬಂದ ಹಾಗೆ ಆಗುತ್ತದೆ.

ಇಲ್ಲಿ ಇಷ್ಟೊಂದು ನಮ್ಮ ಕಡೆಯ ಹೋಟೆಲ್‌ಗಳು ಯಾಕೆ ಅಂದರೆ ಅದಕ್ಕೊಂದು ಕಾರಣ ಇದೆ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಅದಾದ ಮೇಲೆ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿ, ಒತ್ತೊತ್ತಾಗಿದ್ದ ಪಟ್ಟಣದಿಂದ ಜನರನ್ನು ಉತ್ತರಕ್ಕೆ ಬಿಡಿಸಲು ದಾದರ್, ಮಾಟುಂಗಾ ಬಡಾವಣೆಗಳನ್ನು ಹಾಕಿದರು. ಅಲ್ಲಿಗೆ ಬಂದು ಸೇರಿದವರಲ್ಲಿ ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು ಬಹಳ. ಇಲ್ಲಿನ ಮೈಸೂರು ಅಸೋಸಿಯೇಷನ್ ಶುರುವಾಗಿದ್ದೇ 1926ರಲ್ಲಿ. ಮದುವೆ ಆಗದ ಹುಡುಗರಿಗೆ, ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವರಿಗೆ ದಿನಾ ಎರಡು ಹೊತ್ತು ಮನೆ ಊಟ ಬೇಕಿತ್ತು. ಅವರಿಗಾಗಿ ಹುಟ್ಟಿದ್ದು ಬೋರ್ಡಿಂಗ್. ನಿಮ್ಮ ಕಡೆಯ ಖಾನಾವಳಿ ಇದ್ದ ಹಾಗೆ.

ಬೆಳಿಗ್ಗೆ ಸ್ಟೇಷನ್ ಹತ್ತಿರದ ರಾಮಾಶ್ರಯಕ್ಕೆ ಹೋಗಿ, 1939ರ ಹೋಟೆಲ್. ಬೇಗ ಹೋಗಿ, ಆಮೇಲೆ ಶನಿವಾರ ಭಾನುವಾರ ಸಾಲು ರಸ್ತೆ ತನಕ ಬರುತ್ತದೆ. ಅನಾನಸ್ ಶಿರಾ ಸಿಕ್ಕಿದರೆ ಬಿಡಬೇಡಿ. ಕಿಂಗ್ಸ್ ಸರ್ಕಲ್ ಕಡೆ ನಡೆದು ಬಂದರೆ ಕೆಫೆ ಮದ್ರಾಸ್. ಹೆಸರು ಮದ್ರಾಸ್ ಆದರೂ ನಡೆಸುವವರು ಕಾಮತರು. ಅಲ್ಲಿ ರಸಂ ವಡೆ. ಟೇಬಲ್‌ನಲ್ಲಿ ಗುರುತಿಲ್ಲದವರೂ ಪಕ್ಕದಲ್ಲಿ ಕೂರುತ್ತಾರೆ, ಅದಕ್ಕೆ ಹಿಂಜರಿಯಬೇಡಿ.

ಮಧ್ಯಾಹ್ನ ಮಾತ್ರ ಬೇರೆ ಯೋಚನೆಯೇ ಬೇಡ. ಎ. ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್, ಸ್ಟೇಷನ್ ಪಕ್ಕದಲ್ಲೇ, ಮಾಳಿಗೆ ಮೇಲೆ. 1942ರಲ್ಲಿ ಶುರುವಾಗಿದ್ದು. ಸೋಮವಾರ ರಜೆ. ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಕೂಪನ್ ತೆಗೆದುಕೊಳ್ಳಬೇಕು. ಆಮೇಲೆ ಸರದಿ ಕಾಯಬೇಕು. ಕರೆದಾಗ ಒಳಗೆ ಹೋಗಿ ಕೂತರೆ ಮುಂದೆ ಬಾಳೆ ಎಲೆ.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಅಲ್ಲಿ ಮೆನು ಕೈಯಲ್ಲಿ ಹಿಡಿದು ಯೋಚನೆ ಮಾಡುವ ಕೆಲಸವೇ ಇಲ್ಲ. ಎಲೆ ಊಟಕ್ಕೆ ಕೂತ ಎಲ್ಲರಿಗೂ ಅದೇ ಎಲೆ, ಅದೇ ಪಲ್ಯ, ಅದೇ ಸಾರು, ಅದೇ ದುಡ್ಡು. ಪಕ್ಕದಲ್ಲಿ ಕಾರಿನಲ್ಲಿ ಬಂದ ಸೇಠ್ ಕೂತಿರಬಹುದು, ಆಚೆ ಕಡೆ ಕೂಲಿ ಮಾಡುವವರು ಕೂತಿರಬಹುದು. ಬಡಿಸುವವರು ಇನ್ನೊಂದು ಸಲ ಬೇಕಾ ಅಂತ ಇಬ್ಬರನ್ನೂ ಒಂದೇ ದನಿಯಲ್ಲಿ ಕೇಳುತ್ತಾರೆ. ದುಡ್ಡು ಮೊದಲೇ ಕೊಟ್ಟಾಗಿದೆ, ಉಣ್ಣುವಾಗ ಲೆಕ್ಕ ತಲೆಗೆ ಬರಲ್ಲ. ನಾನು ಕೆಲಸ ಕಳೆದುಕೊಂಡು ಕೈ ಬರಿದಾಗಿದ್ದ ಕಾಲದಲ್ಲಿ ಬೋರ್ಡಿಂಗ್ ಊಟವೇ ನನ್ನನ್ನು ಉಳಿಸಿದ್ದು. ಎಲೆಯಲ್ಲಿ ಮಾತ್ರ ಏನೂ ಬಿಡಬೇಡಿ.

ಬಯಲುಸೀಮೆಯವರಿಗೆ ಎಲೆ ಮೇಲೆ ಸಾರು ಓಡಿಹೋಗುತ್ತದೆ ಅನ್ನೋ ಭಯ. ಅನ್ನದ ನಡುವೆ ನಾಲ್ಕು ಬೆರಳಿನಿಂದ ಒಂದು ಗುಂಡಿ ಮಾಡಿ, ಸಾರು ಅದರೊಳಗೆ ಬಡಿಸಿಕೊಳ್ಳಿ. ಅಂಚಿನಿಂದ ಒಳಗೆ ಕಲಸುತ್ತಾ ಬನ್ನಿ. ಎಲೆಯ ಅಂಚಿಗೆ ಹೊರಟಿತು ಅಂದರೆ ಅಂಗೈ ಅಡ್ಡ ಇಡಿ. ಎರಡು ತುತ್ತಿನಲ್ಲಿ ಅಭ್ಯಾಸ ಆಗುತ್ತದೆ.

ಬಂಗುಡೆ ಪ್ರಿಯೆ:

ಮೀನಿನವರ ಪರವಾಗಿ ನಾನು. ಮಂಗಳೂರು ಕಡೆಯ ಅಡುಗೆ ಬೇಕಾದರೆ ಫೋರ್ಟ್‌ಗೆ ಹೋಗಿ. ಮಹೇಶ್ ಲಂಚ್ ಹೋಮ್, ತ್ರಿಶ್ನಾ, ಅಪೂರ್ವ ಎಲ್ಲ ಆ ಕಡೆಯೇ. ಏಡಿ ಹೆಸರುವಾಸಿ, ಆದರೆ ಏಡಿಗೆ ತೂಕದ ಮೇಲೆ ದರ, ಆರ್ಡರ್ ಕೊಡುವ ಮುಂಚೆ ಎಷ್ಟಾಗುತ್ತೆ ಅಂತ ಬಾಯಿ ಬಿಟ್ಟು ಕೇಳಿ. ಕೇಳೋದರಲ್ಲಿ ನಾಚಿಕೆ ಏನಿಲ್ಲ.

ನಿಮ್ಮ ಪರ್ಸ್‌ಗೆ ಬಂಗುಡೆ ಸಾಕು. ಗಲ್ಲಿಗಳಲ್ಲಿ ಸಣ್ಣ ಲಂಚ್ ಹೋಮ್‌ಗಳಿವೆ, ಬಂಗುಡೆ ತವಾ ಫ್ರೈ, ಗಸಿ, ನೀರ್ ದೋಸೆ ಕೇಳಿ. ಅಂಜಲ್, ಮಾಂಜಿ, ಕಾಣೆ ಮೀನುಗಳ ದರ ಕೈ ಕಚ್ಚುತ್ತದೆ. ಬಂಗುಡೆ ರುಚಿಯಲ್ಲಿ ಯಾವುದಕ್ಕೂ ಕಡಿಮೆ ಇಲ್ಲ, ಇದನ್ನು ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ. ಸಸ್ಯಾಹಾರಿ ಗೆಳೆಯರಿಗೆ ನೀರ್ ದೋಸೆ ಜೊತೆ ಚಟ್ನಿ ಇರುತ್ತೆ, ಆದರೆ ಮೀನಿನ ವಾಸನೆ ಅವರಿಗೆ ಆಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಮಳೆಗಾಲದಲ್ಲಿ ಹೋಗುವವರು ಇದನ್ನು ನೆನಪಿಡಿ: ಜೂನ್ 1ರಿಂದ ಸುಮಾರು ಎರಡು ತಿಂಗಳು ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ. ಆಗ ತಾಜಾ ಮೀನು ಕಡಿಮೆ, ದರ ಜಾಸ್ತಿ.

ಶಿರಸಿ ಕಡೆಯವ:

ಭಾನುವಾರ ಹಗಲು ದಕ್ಷಿಣ ಮುಂಬೈಗೆ ಹೋಗುವ ಯೋಜನೆ ಇದ್ದರೆ ಮೆಗಾ ಬ್ಲಾಕ್ ನೋಡಿಕೊಂಡು ಹೊರಡಿ. ಹಳಿ ದುರಸ್ತಿಗೆ ಸೆಂಟ್ರಲ್, ಹಾರ್ಬರ್ ಲೈನ್‌ಗಳಲ್ಲಿ ಭಾನುವಾರ ಮಧ್ಯಾಹ್ನದ ಹೊತ್ತು ಲೋಕಲ್ ಕಡಿಮೆ ಮಾಡುತ್ತಾರೆ. ಒಂದು ಸಲ ಗೊತ್ತಿಲ್ಲದೆ ಹೋಗಿ ನನ್ನ ಎರಡು ಗಂಟೆ ಹಾಳಾಯಿತು, ಊಟವೂ ತಪ್ಪಿತು. ದೂರದ ತಿಂಡಿಗಳೆಲ್ಲ ಶನಿವಾರ ಮುಗಿಸಿ.

ಕೊಲಾಬಾ ಕಟಿಂಗ್:

ಆ ಇನ್ನೊಬ್ಬರು ಹೆಸರಿಲ್ಲದೆ ಬರೆದಿದ್ದನ್ನು ಓದಿದ ಮೇಲೆ ನನ್ನ ಮಾತು ಸ್ವಲ್ಪ ಬದಲಿಸಬೇಕು ಅನಿಸಿತು. ನಮ್ಮ ಗುಂಪಿನಲ್ಲೂ ಒಬ್ಬ ಯಾವಾಗಲೂ ಊಟ ಆಯಿತು ಅಂತಾನೆ. ನಾನು ಇಷ್ಟು ದಿನ ಅದನ್ನು ನಂಬಿದ್ದೆ.

ಸಂಜೆಗೆ ನನ್ನ ಕಡೆಯಿಂದ ಒಂದು ಜಾಗ. ಮೆಟ್ರೋ ಸಿನಿಮಾ ಎದುರು ಕಯಾನಿ, 1904ರ ಇರಾನಿ ಕೆಫೆ. ಬನ್ ಮಸ್ಕಾ, ಇರಾನಿ ಚಹಾ, ಮಾವಾ ಕೇಕ್. ಸಣ್ಣ ಪರ್ಸ್‌ಗೆ ಇದಕ್ಕಿಂತ ಒಳ್ಳೆ ಜಾಗ ದಕ್ಷಿಣ ಮುಂಬೈನಲ್ಲಿ ನನಗೆ ಗೊತ್ತಿಲ್ಲ. ಬ್ಯಾಲಾರ್ಡ್ ಎಸ್ಟೇಟ್‌ನ ಬ್ರಿಟಾನಿಯಾ 1923ರದು, ಬೆರಿ ಪುಲಾವ್ ಅಲ್ಲಿನ ವಿಶೇಷ, ಆದರೆ ಅದು ಮಧ್ಯಾಹ್ನದ ಜಾಗ, ದರವೂ ಸ್ವಲ್ಪ ಜಾಸ್ತಿ. ಈ ಸಲ ಬಿಡಿ.

ಧಾರವಾಡದ ಮಳೆ:

ಹೋಗಿ ಬಂದೆವು. ನಿನ್ನೆ ಬೆಳಿಗ್ಗೆ ಹುಬ್ಬಳ್ಳಿ ಮುಟ್ಟಿದೆವು. ಎಲ್ಲವನ್ನೂ ಬರೆಯಲೇಬೇಕು ಅನಿಸಿತು.

ಅಕ್ಕ ಹೇಳಿದ ಹಾಗೆ ಎಲ್ಲರೂ ಮೊತ್ತವನ್ನು ಠಾಣೆಯವನ ಹೆಂಡತಿಗೆ ಕಳಿಸಿದೆವು. ವೈನಿ ಗುಂಪಿನಲ್ಲಿ ಹಾಕಿದ್ದು ಒಂದೇ ಸಾಲು: 1,500. ನಾನು 3,000 ಅಂತ ಕಳಿಸಿದ್ದೆ. ಉಳಿದವರು ಎಷ್ಟು ಕಳಿಸಿದರೋ ಗೊತ್ತಿಲ್ಲ, ಕೇಳಲೂ ಇಲ್ಲ. ಐದು ಜನರಿಂದ 7,500. ಹುಬ್ಬಳ್ಳಿ ಸ್ಟೇಷನ್‌ನಲ್ಲಿ ಗದಗಿನವನ ಕೈಗೆ ಕೊಟ್ಟು ಲೆಕ್ಕ ನಿಂದು ಎಂದೆ. ಅವನು ನನ್ನ ಮುಖ ಒಂದು ಕ್ಷಣ ನೋಡಿದ. ಆಮೇಲೆ ಅಂಗಡಿಗೆ ಹೋಗಿ ಹತ್ತು ರೂಪಾಯಿಯ ಸಣ್ಣ ನೋಟ್‌ಬುಕ್ ತಂದು ಮೊದಲ ಸಾಲಿನಲ್ಲಿ ನೋಟ್‌ಬುಕ್ 10 ಅಂತ ಬರೆದ. ಕೆಲಸ ಸಿಕ್ಕಿದೆಯಾ ಅಂತ ಯಾರೂ ಕೇಳಲಿಲ್ಲ. ಲೋಂಡಾ ದಾಟಿದ ಮೇಲೆ ಅವನೇ ಹೇಳಿದ, ಒಂದು ಟ್ರಾಕ್ಟರ್ ಶೋರೂಂನಲ್ಲಿ ಸೇರಿ ಎರಡು ತಿಂಗಳಾಯಿತಂತೆ, ಸಂಬಳ ಮೊದಲಿಗಿಂತ ಕಡಿಮೆ.

ರಾಮಾಶ್ರಯದಲ್ಲಿ ಬೇಗ ಹೋದರೂ ಹತ್ತು ನಿಮಿಷ ಕಾದೆವು. ಅನಾನಸ್ ಶಿರಾ ಸಿಕ್ಕಿತು. ಬೆಳಗಾವಿಯವನು ಎರಡನೇ ಪ್ಲೇಟ್ ಹೇಳುವ ಮುಂಚೆ ಖಜಾಂಚಿಯನ್ನು ಕೇಳಿದ, ಅವನು ನೋಟ್‌ಬುಕ್ ನೋಡಿ ತಗೋ ಎಂದ. ಕೆಫೆ ಮದ್ರಾಸ್ ಮುಂದೆ ಜನ ಬಹಳ ಇದ್ದರು, ಬಿಟ್ಟೆವು.

ಮಧ್ಯಾಹ್ನ ನಾಯಕರ ಬೋರ್ಡಿಂಗ್. ಐದು ಕೂಪನ್ ತಂದವನು ಗದಗಿನವನು. ಮೆಟ್ಟಿಲ ಮೇಲೆ ಅರ್ಧ ಗಂಟೆ ನಿಂತೆವು, ಆ ಅರ್ಧ ಗಂಟೆಯಲ್ಲಿ ಹಾಸ್ಟೆಲ್‌ನ ಹಳೆ ಮಾತೆಲ್ಲ ಬಂತು. ಒಳಗೆ ಕೂತ ಮೇಲೆ ಯಾರೂ ಹೆಚ್ಚು ಮಾತಾಡಲಿಲ್ಲ, ಅಷ್ಟು ಹಸಿವು. ಪಲ್ಯ, ಸಾಂಬಾರ್ ಆಯಿತು, ಆಮೇಲೆ ಸಾರು ಬಂತು. ಗದಗಿನವನು ಕಿಂಗ್ಸ್ ಸರ್ಕಲ್ ಅಜ್ಜಾವರು ಹೇಳಿದ ಹಾಗೆ ಅನ್ನದಲ್ಲಿ ಗುಂಡಿ ಮಾಡಿದ, ಆದರೆ ಒಂದು ಕಡೆ ಅಂಚು ತೆಳ್ಳಗಾಗಿ ಸಾರು ಒಡೆದುಕೊಂಡು ನೇರ ನನ್ನ ಎಲೆ ಕಡೆ ಹೊರಟಿತು. ಇಬ್ಬರೂ ಒಟ್ಟಿಗೆ ಕೈ ಅಡ್ಡ ಇಟ್ಟೆವು. ಬಡಿಸುವವರು ನೋಡಿ ಒಂದು ಸೌಟು ಅನ್ನ ತಂದು ಒಡೆದ ಜಾಗಕ್ಕೇ ಸರಿಯಾಗಿ ಹಾಕಿದರು. ಅವನು ಮೂರು ಸಲ ಸಾರು ಹಾಕಿಸಿಕೊಂಡ. ಹೋದ ವರ್ಷ ಅವನು ಹೀಗೆ ಉಂಡಿದ್ದನ್ನು ನಾನು ನೋಡೇ ಇರಲಿಲ್ಲ.

ಸಂಜೆ ಕಯಾನಿ. ರಾತ್ರಿ ಫೋರ್ಟ್‌ನ ಗಲ್ಲಿಯಲ್ಲಿ ಬಂಗುಡೆ, ನೀರ್ ದೋಸೆ. ಸಸ್ಯಾಹಾರಿಗಳಿಬ್ಬರೂ ಚಟ್ನಿ ಜೊತೆ ದೋಸೆ ತಿಂದರು, ವಾಸನೆಗೆ ಏನೂ ತೊಂದರೆ ಇಲ್ಲ ಅಂತ ಮೊದಲೇ ಹೇಳಿದ್ದರು. ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಇರಲಿಲ್ಲ ಮೇಷ್ಟ್ರೇ, ಆದರೂ ಗದಗಿನವನು ಸಾಲು ಸಾಲು ಬೆರಳಿಟ್ಟು ನೋಡಿದ.

ಭಾನುವಾರ ಮೆಗಾ ಬ್ಲಾಕ್ ಇದ್ದಿದ್ದರಿಂದ ಠಾಣೆಯಲ್ಲೇ ಇದ್ದೆವು. ಬೆಳಿಗ್ಗೆ ಮಾಮಲೇದಾರ್ ಹೋಟೆಲ್‌ನ ಮಿಸಳ್. ಖಾರದಲ್ಲಿ ನಮ್ಮವರನ್ನು ಯಾರೂ ಸೋಲಿಸಲ್ಲ ಅಂದುಕೊಂಡಿದ್ದೆವು, ಎರಡನೇ ಸಲ ರಸ್ಸಾ ಹಾಕಿಸಿಕೊಂಡ ಮೇಲೆ ಹುಬ್ಬಳ್ಳಿಯವನ ಕಣ್ಣಲ್ಲಿ ನೀರು. ಮಧ್ಯಾಹ್ನ ವೈನಿ ಹೊರಗೆ ಕಳಿಸಲಿಲ್ಲ, ವರಣ್ ಭಾತ್ ಮಾಡಿದ್ದರು.

ದಾದರ್‌ನಲ್ಲಿ ರೈಲಿಗೆ ವಡಾ ಪಾವ್ ಕಟ್ಟಿಸಿಕೊಂಡ ಮೇಲೂ 340 ರೂಪಾಯಿ ಉಳಿದಿದೆ. ಮುಂದಿನ ವರ್ಷಕ್ಕೆ ಇರಲಿ ಅಂತ ನೋಟ್‌ಬುಕ್ ಸಮೇತ ಗದಗಿನವನ ಹತ್ತಿರವೇ ಬಿಟ್ಟಿದ್ದೇವೆ. ಈ ಸಲ ಮಿರಜ್‌ನಲ್ಲಿ ಇಡ್ಲಿ ತಂದವನೂ ಅವನೇ.

ಡೊಂಬಿವಲಿ ಅಕ್ಕ:

ಓದಿ ಕಣ್ಣು ತುಂಬಿ ಬಂತು ತಮ್ಮಾ. ಮುಂದಿನ ಸಲ ವೈನಿಯನ್ನೂ ಬೋರ್ಡಿಂಗ್‌ಗೆ ಕರೆದುಕೊಂಡು ಹೋಗಿ. ಎರಡು ದಿನ ಐದು ಜನರನ್ನು ಮನೆಯಲ್ಲಿ ಇಟ್ಟುಕೊಂಡವರು ಅವರು.

ಧಾರವಾಡದ ಮಳೆ:

ಹೌದು ಅಕ್ಕಾ, ಅದು ನಮ್ಮ ತಲೆಗೇ ಬರಲಿಲ್ಲ. ಆರನೇ ಕೂಪನ್ ವೈನಿಯದು, ಪರ್ಸ್‌ನಿಂದಲೇ.

ಕಿಂಗ್ಸ್ ಸರ್ಕಲ್:

ನಿಮ್ಮ ಬರಹವನ್ನು ಮೊಮ್ಮಗಳ ಹತ್ತಿರ ಓದಿಸಿ ಕೇಳಿದೆ. ಗುಂಡಿಗೆ ಅನ್ನ ಸಾಲದೇ ಹೋಗಿದ್ದು, ಮೊದಲು ಸ್ವಲ್ಪ ಜಾಸ್ತಿ ಹಾಕಿಸಿಕೊಳ್ಳಬೇಕು. ನಾನು ಸ್ಟೇಷನ್‌ನಿಂದ ಐದು ನಿಮಿಷದ ದಾರಿಯಲ್ಲಿ ಇರುವುದು. ಮುಂದಿನ ವರ್ಷ ಬರುವಾಗ ಇಲ್ಲೇ ಒಂದು ಸಾಲು ಬರೆಯಿರಿ, ಬೆಳಿಗ್ಗೆ ಹನ್ನೊಂದಕ್ಕೆ ಮೆಟ್ಟಿಲ ಕೆಳಗೆ ನಿಂತು ಸರದಿ ಹಿಡಿದಿರುತ್ತೇನೆ. ಸೋಮವಾರ ಮಾತ್ರ ಬೇಡ.